ಹುಲ್ಲೇ, ಪರವಾನಗಿ ಬರುವ ತನಕ ಬೆಳೆಯಬೇಡ

ಅಡಿಕೆ ತೋಟದ ಹುಲ್ಲಿಗೂ ಅಡುಗೆಮನೆಯ ಜಿರಳೆಗೂ ಏನು ಸಂಬಂಧ? 2022ರ ಅಕ್ಟೋಬರ್ ತನಕ ಯಾವ ಸಂಬಂಧವೂ ಇರಲಿಲ್ಲ. ಆ ತಿಂಗಳು ಕೇಂದ್ರ ಕೃಷಿ ಸಚಿವಾಲಯವೇ ಮುಂದೆ ನಿಂತು ಸಂಬಂಧ ಕುದುರಿಸಿತು. ಗ್ಲೈಫೊಸೇಟ್ ಎಂಬ ಕಳೆನಾಶಕದಿಂದ ಮನುಷ್ಯರಿಗೂ ಪ್ರಾಣಿಗಳಿಗೂ ಅಪಾಯವಿದೆ, ಆದ್ದರಿಂದ ಪೆಸ್ಟ್ ಕಂಟ್ರೋಲ್ ಆಪರೇಟರುಗಳ ಹೊರತು ಬೇರೆ ಯಾರೂ ಅದನ್ನು ಬಳಸಕೂಡದು ಎಂದು ಗೆಜೆಟ್‌ನಲ್ಲಿ ಅಚ್ಚಾಯಿತು. ಪೆಸ್ಟ್ ಕಂಟ್ರೋಲ್ ಆಪರೇಟರ್ ಎಂದರೆ ಯಾರು? ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಬಂದು ಸಿಂಕಿನ ಕೆಳಗೆ ಜಿರಳೆಗೆ, ಬಾಗಿಲ ಚೌಕಟ್ಟಿನಲ್ಲಿ ಗೆದ್ದಲಿಗೆ, ಪಾರ್ಕಿಂಗಿನಲ್ಲಿ ಇಲಿಗೆ ಮದ್ದು ಇಡುತ್ತಾರಲ್ಲ, ಅವರೇ.

ಹಾಗಾದರೆ ಇದು ನಿಷೇಧವೇ? ಅಲ್ಲ. ಅನುಮತಿಯೇ? ಅದೂ ಅಲ್ಲ. ಕಂಪನಿ ತಯಾರಿಸಬಹುದು, ಅಂಗಡಿಯವರು ಮಾರಬಹುದು, ರೈತರು ತಂದು ಅಟ್ಟದ ಮೇಲೆ ಇಡಬಹುದು. ಹೊಡೆಯುವುದಕ್ಕೆ ಮಾತ್ರ ಜಿರಳೆಯವರು ಬರಬೇಕು. ಇದರ ಕರಡು 2020ರ ಜುಲೈಯಲ್ಲೇ ಹೊರಬಿದ್ದಿತ್ತು. ಆಕ್ಷೇಪಣೆ ಇದ್ದರೆ ತಿಳಿಸಿ ಎಂದರು, ಆಕ್ಷೇಪಿಸುವವರು ಆಕ್ಷೇಪಿಸಿದರು. ಎರಡು ವರ್ಷ ಓದಿ, ಅಳೆದು ತೂಗಿ, ಕರಡಿನಲ್ಲಿ ಇದ್ದದ್ದನ್ನೇ ಆದೇಶ ಮಾಡಿದರು. ಈ ಎರಡು ವರ್ಷದಲ್ಲಿ ಹುಲ್ಲು ಎಷ್ಟು ಸಲ ಬೆಳೆಯಿತು ಎಂದು ದೆಹಲಿಯಲ್ಲಿ ಯಾರೂ ಕೇಳಿಕೊಳ್ಳಲಿಲ್ಲ. ಹುಲ್ಲು ಆಕ್ಷೇಪಣೆ ಸಲ್ಲಿಸಿರಲಿಲ್ಲ.

ಕಾನೂನು ಪಾಲಿಸುವ ಹಟ ತೊಟ್ಟ ತೀರ್ಥಹಳ್ಳಿ ಕಡೆಯ ಎರಡೆಕರೆ ತೋಟದ ಯಜಮಾನರೊಬ್ಬರು ರಾಜಧಾನಿಯ ಪೆಸ್ಟ್ ಕಂಟ್ರೋಲ್ ಕಚೇರಿಗೆ ಫೋನ್ ಮಾಡಿದರೆನ್ನಿ.

“ಹೇಳಿ ಸರ್, ಟೂ ಬಿಎಚ್‌ಕೆನಾ, ತ್ರೀ ಬಿಎಚ್‌ಕೆನಾ?”

“ಎರಡೆಕರೆ ಮಾರಾಯ್ರೆ.”

“ಓಹ್, ವಿಲ್ಲಾನಾ ಸರ್? ಯಾವ ಫ್ಲೋರಲ್ಲಿ ಪ್ರಾಬ್ಲಮ್?”

“ಫ್ಲೋರ್ ಎಂತದೂ ಇಲ್ಲ. ಅಡಿಕೆ ಬುಡದಲ್ಲಿ ಮೊಣಕಾಲು ಮಟ್ಟ ಹುಲ್ಲು ಬಂದಿದೆ. ಒಳಗೆ ಕಾಲಿಟ್ರೆ ಉಂಬಳ.”

“ಉಂಬಳ ನಮ್ಮ ಲಿಸ್ಟಲ್ಲಿ ಇಲ್ಲ ಸರ್. ವರ್ಷದ ಕಾಂಟ್ರಾಕ್ಟ್ ತಗೊಂಡ್ರೆ ಇಲಿ ಫ್ರೀ ಇದೆ.”

“ಇಲಿ ನಮ್ಮಲ್ಲೇ ಬೇಕಾದಷ್ಟು ಇದಾವೆ. ನೀವು ಬರೋದು ಯಾವಾಗ?”

“ಸ್ಲಾಟ್ ನೋಡ್ತೀನಿ ಸರ್. ಮುಂದಿನ ತಿಂಗಳು ಇಪ್ಪತ್ತಕ್ಕೆ. ಆವತ್ತು ಮನೆಯವರೆಲ್ಲ ಆರು ಗಂಟೆ ಹೊರಗೆ ಇರಬೇಕಾಗುತ್ತೆ.”

“ನಾವು ದಿನಾ ಹೊರಗೇ ಇರೋದು. ಮಳೆ ಬಂದ್ರೆ?”

“ಮಳೆ ಬಂದ್ರೆ ರೀಶೆಡ್ಯೂಲ್ ಸರ್.”

ಜುಲೈ ತಿಂಗಳ ಆಗುಂಬೆ ಸೀಮೆಯಲ್ಲಿ ಮಳೆ ಬಂದರೆ ರೀಶೆಡ್ಯೂಲ್! ಯಜಮಾನರು ಫೋನ್ ಇಟ್ಟು ಕತ್ತಿ ಹುಡುಕಲು ಹೋದರು.

ಆಪರೇಟರ್ ಆಗುವುದಕ್ಕೆ ಯೋಗ್ಯತೆ ಬೇಡವೇ? ಬೇಕು. ಕೀಟನಾಶಕ ನಿಯಮಗಳ ಪ್ರಕಾರ ಕೃಷಿಯಲ್ಲಿ ಪದವಿ ಇರಬೇಕು, ಇಲ್ಲವೇ ರಸಾಯನಶಾಸ್ತ್ರ ಓದಿದ ವಿಜ್ಞಾನ ಪದವಿ. ಅದರ ಮೇಲೆ ಕನಿಷ್ಠ 15 ದಿನಗಳ ತರಬೇತಿ. ತರಬೇತಿ ಕೊಡುವ ಸಂಸ್ಥೆಗಳ ಪಟ್ಟಿಯಲ್ಲಿ ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ಕೂಡ ಇದೆ ಎಂಬುದು ಕನ್ನಡಿಗರ ಹೆಮ್ಮೆ. ಅಂದರೆ ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ ಹುಡುಗನೊಬ್ಬ ಮೈಸೂರಿನಲ್ಲಿ ತರಬೇತಿ ಮುಗಿಸಿ, ಪರವಾನಗಿ ಕಟ್ಟು ಹಾಕಿಸಿಕೊಂಡು, ಮಲೆನಾಡಿನ ಇಳಿಜಾರಿನಲ್ಲಿ ಬೆನ್ನಿಗೆ ಪಂಪು ಕಟ್ಟಿ ಇಳಿಯುತ್ತಾನೆ ಎಂದು ಸಚಿವಾಲಯ ನಂಬಿದೆ. ಬಿ.ಎಸ್ಸಿ. ಮಾಡಿದ ಹುಡುಗರು ಊರಲ್ಲಿ ಉಳಿದಿದ್ದರೆ ಕಳೆನಾಶಕ ಯಾಕೆ ಬೇಕಿತ್ತು ಸ್ವಾಮಿ? ಅವರು ಬಸ್ಸು ಹತ್ತಿದ ದಿನವೇ ತೋಟಕ್ಕೆ ಡಬ್ಬ ಬಂದದ್ದು.

ಈಗ ಯಾರು ಹೊಡೆಯುತ್ತಾರೋ ಅವರ ಅರ್ಹತೆಯನ್ನೂ ಬರೆದುಕೊಳ್ಳಿ. ಒಂದು ಚಡ್ಡಿ, ಒಂದು ಬನಿಯನ್ನು, ಮೂಗಿಗೆ ಸುತ್ತಿದ ಟವೆಲ್ಲು, ಬರಿಗಾಲು. ಡಬ್ಬದ ಮುಚ್ಚಳವೇ ಅಳತೆ. ಜಡ್ಡು ಹುಲ್ಲಾದರೆ ಒಂದು ಮುಚ್ಚಳ ಜಾಸ್ತಿ, ಮೇಲೊಂದು ಹಿಡಿ ಯೂರಿಯಾ. ನಾಜಲ್ ಕಟ್ಟಿಕೊಂಡರೆ ಬಾಯಿಟ್ಟು ಊದಿ ಸರಿಮಾಡುವುದು. ಡಬ್ಬದೊಳಗೆ ಹತ್ತು ಭಾಷೆಗಳಲ್ಲಿ ಅಚ್ಚಾದ ಸೂಚನಾ ಪತ್ರವೊಂದು ಇರುತ್ತದೆ. ಅದರ ಅಕ್ಷರ ಕಾಣಬೇಕಾದರೆ ಭೂತಗನ್ನಡಿ ಬೇಕು, ಪಾಲಿಸಬೇಕಾದರೆ ಕೈಗವಸು, ಕನ್ನಡಕ, ಬೂಟು ಬೇಕು. ಇವುಗಳಲ್ಲಿ ಯಾವುದನ್ನೂ ಡಬ್ಬದ ಜೊತೆ ಕೊಡುವುದಿಲ್ಲ. ದೊಡ್ಡ ಕ್ಯಾನು ತಗೊಂಡರೆ ಅಂಗಡಿಯವರು ಒಂದು ಟೀ ಶರ್ಟ್ ಕೊಡುತ್ತಾರೆ. ಅರ್ಧ ತೋಳಿನದು.

ಇನ್ನೊಂದು ಸೂಕ್ಷ್ಮವಿದೆ. ನಮ್ಮ ದೇಶದಲ್ಲಿ ಗ್ಲೈಫೊಸೇಟ್‌ಗೆ ನೋಂದಣಿ ಇರುವುದು ಚಹಾ ತೋಟಕ್ಕೆ ಮತ್ತು ಬೆಳೆಯಿಲ್ಲದ ಜಾಗಕ್ಕೆ. ಅಷ್ಟೇ. ಅಡಿಕೆ, ಕಾಫಿ, ತೆಂಗು, ಬಾಳೆ, ಹತ್ತಿ ಯಾವುದೂ ಪಟ್ಟಿಯಲ್ಲಿಲ್ಲ. ಹಾಗಾದರೆ ಇಷ್ಟು ವರ್ಷ ಚಿಕ್ಕಮಗಳೂರು, ಕೊಡಗು, ಶಿವಮೊಗ್ಗದಲ್ಲಿ ಹೋದ ಡಬ್ಬಗಳೆಲ್ಲ ಎಲ್ಲಿಗೆ ಹೋದವು? ದಾಖಲೆ ಪ್ರಕಾರ ಎರಡೇ ದಾರಿ. ಒಂದೋ ಕರ್ನಾಟಕ ಯಾರಿಗೂ ಗೊತ್ತಾಗದಂತೆ ಅಸ್ಸಾಮನ್ನು ಮೀರಿಸುವಷ್ಟು ಚಹಾ ಬೆಳೆಯುತ್ತಿದೆ, ಇಲ್ಲವೇ ನಮ್ಮ ಅಡಿಕೆ ತೋಟಗಳೆಲ್ಲ ಸರ್ಕಾರದ ಕಣ್ಣಿನಲ್ಲಿ ಬೆಳೆಯಿಲ್ಲದ ಜಾಗ. ಎಲೆಚುಕ್ಕಿ ರೋಗದ ಪರಿಹಾರ ಕೇಳಲು ಹೋದವರಿಗೆ ಎರಡನೆಯದೇ ನಿಜವೆಂದು ಮೊದಲೇ ಗೊತ್ತಿತ್ತು.

ಈ ಗದ್ದಲದಲ್ಲಿ ಎಲ್ಲರ ಬಾಯಲ್ಲೂ ಇರುವುದು ‘ರೈತರ ಅಭಿಪ್ರಾಯ’. ಅದು ಕಂಪನಿಗೆ ಗೊತ್ತು: ರೈತರು ನಿಷೇಧ ಬೇಡ ಅನ್ನುತ್ತಿದ್ದಾರೆ. ಪರಿಸರವಾದಿಗಳಿಗೂ ಗೊತ್ತು: ರೈತರು ವಿಷದಿಂದ ಬಿಡುಗಡೆ ಬಯಸುತ್ತಿದ್ದಾರೆ. ಟಿವಿಯವರಿಗೆ ಎರಡೂ ಗೊತ್ತು, ಯಾವುದನ್ನು ಯಾವಾಗ ಹಾಕಬೇಕೆಂಬುದು ಜಾಹೀರಾತಿಗೆ ಬಿಟ್ಟದ್ದು. ರೈತರಿಗೆ ಮಾತ್ರ ತಮ್ಮ ಅಭಿಪ್ರಾಯ ಏನೆಂಬುದು ಊರಿಗೊಂದು, ಹೊತ್ತಿಗೊಂದು.

ಮಲೆನಾಡಿನ ಯಜಮಾನರಿಗೆ ಎರಡು ಅಭಿಪ್ರಾಯ ಇರುತ್ತವೆ. ಬೆಳಿಗ್ಗೆ ಸಭೆಯ ವೇದಿಕೆಯಲ್ಲಿ ಭೂಮಿತಾಯಿ, ಎರೆಹುಳು, ಅಜ್ಜನ ಕಾಲದ ಸೊಪ್ಪಿನ ಬೆಟ್ಟ. ಸಂಜೆ ಗೊಬ್ಬರದಂಗಡಿಯಲ್ಲಿ, “ಆ ಐದು ಲೀಟರಿಂದು ಬಂತನ? ಎರಡು ತೆಗೆದಿಡು. ಯಾರಿಗೂ ಹೇಳ್ಬೇಡ, ಆ ಸಾವಯವ ಸಂಘಕ್ಕೆ ನಾನೇ ಅಧ್ಯಕ್ಷ.” ಇದನ್ನು ಕಪಟ ಎನ್ನಲು ಬಾಯಿ ಬರುವುದಿಲ್ಲ. ಯಾಕೆಂದರೆ ಅವರು ಎರಡು ಹೊತ್ತಲ್ಲೂ ಮನಸಾರೆ ಮಾತಾಡಿರುತ್ತಾರೆ. ಮನೆ ಹಿಂದಿನ ಹರಿವೆ, ಬಸಳೆ ಪಾತಿಗೆ ಒಂದು ಹನಿ ಬೀಳಲು ಬಿಡುವುದಿಲ್ಲ. ತಾವು ತಿನ್ನುವ ಬಾಳೆಗೆ ಬೇರೆ ಬುಡ, ಮಂಡಿಗೆ ಕಳಿಸುವ ಬಾಳೆಗೆ ಬೇರೆ ಬುಡ. ವಿಷದ ಬಗ್ಗೆ ಇದಕ್ಕಿಂತ ಸ್ಪಷ್ಟವಾದ ಅಭಿಪ್ರಾಯವನ್ನು ಯಾವ ಸಮೀಕ್ಷೆ ತೆಗೆದೀತು?

ಮಂಡ್ಯದ ಕಬ್ಬಿನ ಗದ್ದೆಯವರದು ನೇರ. “ನಿಷೇಧ ಮಾಡ್ಲಿ ಬುಡಿ ಸಾ, ಯಾರ್ ಬ್ಯಾಡ ಅಂದೋರು? ಜೇಕು ಕೀಳಕ್ಕೆ ಅವ್ರೇ ಬರ್ಲಿ. ಊಟ ನಾವ್ ಹಾಕ್ತೀವಿ.” ಜೇಕಿನ ಗುಣ ಗೊತ್ತಿದ್ದವರಿಗೆ ಈ ಆಹ್ವಾನದ ಭಯಂಕರತೆ ಅರ್ಥವಾಗುತ್ತದೆ. ಮೇಲೆ ಕಿತ್ತರೆ ಕೆಳಗಿನ ಗೆಡ್ಡೆ ಮತ್ತೆ ನಾಲ್ಕು ಕಡೆ ಚಿಗುರುತ್ತದೆ. ಸಚಿವಾಲಯದವರು ಒಮ್ಮೆ ಊಟಕ್ಕೆ ಕೂತರೆ ನಿವೃತ್ತಿಯವರೆಗೆ ಏಳುವಂತಿಲ್ಲ.

ರಾಯಚೂರು ಕಡೆಯ ಹತ್ತಿ ಹೊಲದವರದು ಇನ್ನೂ ಸ್ವಚ್ಛ. “ನೋಡ್ರಿ, ಬೀಜಾನೂ ಕದ್ದು ಮಾರಿದ್ದು, ಎಣ್ಣಿನೂ ಕದ್ದು ಹೊಡ್ಯೂದು. ಸಾಲ ಒಂದು ಕಾಯ್ದೆಶೀರ್ ಐತ್ರಿ.” ಅವರು ಹೇಳುತ್ತಿರುವುದು ಕಳೆನಾಶಕ ತಾಳಿಕೊಳ್ಳುವ ಕುಲಾಂತರಿ ಹತ್ತಿಯ ಬೀಜದ ಬಗ್ಗೆ. ಅದಕ್ಕೆ ಭಾರತದಲ್ಲಿ ಅನುಮತಿಯೇ ಇಲ್ಲ. ಬೆಳೆದವರಿಗೆ ಪರಿಸರ ಸಂರಕ್ಷಣಾ ಕಾಯ್ದೆಯಡಿ ಜೈಲು ಎಂದು ಹೆದರಿಸುತ್ತಿದ್ದ ಕಾಲದಲ್ಲೂ ಮಹಾರಾಷ್ಟ್ರ, ತೆಲಂಗಾಣ, ಆಂಧ್ರದ ಹೊಲಗಳಲ್ಲಿ ಅದು ಹುಲುಸಾಗಿ ಬೆಳೆಯಿತು. ಹತ್ತಿಯನ್ನು ಬಿಟ್ಟು ಸುತ್ತಲಿನದ್ದೆಲ್ಲ ಸಾಯುವಂತೆ ಗ್ಲೈಫೊಸೇಟ್ ಹೊಡೆಯಬಹುದು. ಬೀಜವೇ ಇಲ್ಲ ಎಂದು ಸರ್ಕಾರ ಹೇಳುತ್ತದೆ, ಇಲ್ಲದ ಬೀಜಕ್ಕೆ ಕೊಡಕೂಡದ ಔಷಧಿ ಅಂಗಡಿಯಲ್ಲಿ ಸಾಲದ ಮೇಲೆ ಸಿಗುತ್ತದೆ.

ಇದೇ ರಾಯಚೂರು, ಬಳ್ಳಾರಿ ಸೀಮೆಯಲ್ಲಿ 1998ರಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಮೊನ್ಸಾಂಟೊದ ಬಿಟಿ ಹತ್ತಿಯ ಪ್ರಯೋಗದ ತಾಕುಗಳನ್ನು ಕಿತ್ತು ಸುಟ್ಟಿತ್ತು. 2019ರ ಜೂನ್‌ನಲ್ಲಿ ಮಹಾರಾಷ್ಟ್ರದ ಅಕೋಲಾ ಜಿಲ್ಲೆಯ ಹಳ್ಳಿಯೊಂದರಲ್ಲಿ ಶೇತ್ಕರಿ ಸಂಘಟನೆಯವರು ಸಾರ್ವಜನಿಕವಾಗಿ ಸೇರಿ, ಅನುಮತಿಯಿಲ್ಲದ ಕಳೆನಾಶಕ ತಾಳುವ ಹತ್ತಿ ಬೀಜವನ್ನು ಬಿತ್ತಿ ಸತ್ಯಾಗ್ರಹ ಮಾಡಿದರು. ಇಲ್ಲಿ ಸುಟ್ಟವರೂ ರೈತರು, ಅಲ್ಲಿ ಬಿತ್ತಿದವರೂ ರೈತರು. ಇಬ್ಬರ ಹೆಗಲ ಮೇಲೂ ಟವೆಲ್ಲು ಇತ್ತು, ಇಬ್ಬರೂ ಸ್ವಾತಂತ್ರ್ಯ ಅಂದರು. ಆದ್ದರಿಂದ ಯಾರಾದರೂ ಮೈಕಿನ ಮುಂದೆ ನಿಂತು “ಸಮಸ್ತ ರೈತರ ಪರವಾಗಿ” ಎಂದು ಶುರುಮಾಡಿದರೆ, ಅವರ ಹೊಲ ಎಷ್ಟೆಕರೆ, ಅದರಲ್ಲಿ ಕಳೆ ಕೀಳುವವರು ಯಾರು ಎಂಬ ಎರಡು ಪ್ರಶ್ನೆ ಕೇಳಿ ಕೂರಿಸಬಹುದು.

ದೆಹಲಿಯ ಸಮಯಪ್ರಜ್ಞೆಯನ್ನೂ ಮೆಚ್ಚಬೇಕು. ಗ್ಲೈಫೊಸೇಟ್ ಆದೇಶ ಹೊರಬಿದ್ದ ವಾರವೇ ಇನ್ನೊಂದು ಸಚಿವಾಲಯದಿಂದ ಕುಲಾಂತರಿ ಸಾಸಿವೆಗೆ ಪರಿಸರ ಬಿಡುಗಡೆಯ ಒಪ್ಪಿಗೆ ಪತ್ರ ಹೊರಟಿತು. ಆ ಸಾಸಿವೆಯೊಳಗಿರುವ ವಂಶವಾಹಿಗಳಲ್ಲಿ ಒಂದು ಗ್ಲುಫೊಸಿನೇಟ್ ಎಂಬ ಬೇರೊಂದು ಕಳೆನಾಶಕವನ್ನು ತಾಳಿಕೊಳ್ಳುವಂಥದ್ದು. ಜೊತೆಗೆ ಷರತ್ತು: ರೈತರು ಹೊಲದಲ್ಲಿ ಆ ಕಳೆನಾಶಕ ಹೊಡೆಯಕೂಡದು, ಬೀಜ ತಯಾರಿಸುವವರು ಮಾತ್ರ ಬಳಸಬಹುದು. ಕಳೆನಾಶಕ ತಾಳುವ ಗಿಡವನ್ನು ಕೈಗೆ ಕೊಟ್ಟು, ಪಕ್ಕದಲ್ಲೇ ಡಬ್ಬವನ್ನೂ ಇಟ್ಟು, ಮುಟ್ಟಬೇಡ ಎಂದು ಹೇಳಿ ಹೋಗುವ ಈ ವಿಶ್ವಾಸ ನಮ್ಮ ದೇಶದಲ್ಲಿ ಬೇರೆಲ್ಲೂ ಉಳಿದಿಲ್ಲ. ಎಟಿಎಂ ಒಳಗಿನ ಪೆನ್ನಿಗೂ ದಾರ ಕಟ್ಟಿರುವ ದೇಶ ಇದು.

ಇನ್ನು ವಿಜ್ಞಾನ. 2015ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಗ್ಲೈಫೊಸೇಟನ್ನು ‘2ಎ’ ಗುಂಪಿಗೆ, ಅಂದರೆ ಬಹುಶಃ ಕ್ಯಾನ್ಸರ್ ತರಬಲ್ಲವುಗಳ ಗುಂಪಿಗೆ ಸೇರಿಸಿತು. ಅಮೆರಿಕದ ಪರಿಸರ ಸಂಸ್ಥೆ, ಯುರೋಪಿನ ಆಹಾರ ಸುರಕ್ಷಾ ಸಂಸ್ಥೆ ಅದನ್ನು ಒಪ್ಪಲಿಲ್ಲ. ಅದೇ 2ಎ ಗುಂಪಿನಲ್ಲಿ ಇನ್ನೂ ಯಾರ್ಯಾರು ಕೂತಿದ್ದಾರೆ ನೋಡಿ: ಕೆಂಪು ಮಾಂಸ, 65 ಡಿಗ್ರಿಗಿಂತ ಬಿಸಿಯಾದ ಪಾನೀಯ, ರಾತ್ರಿ ಪಾಳಿಯ ಕೆಲಸ, ಕಾದ ಎಣ್ಣೆಯಲ್ಲಿ ಕರಿಯುವಾಗ ಏಳುವ ಹೊಗೆ. ಕೊಯ್ದ ಅಡಿಕೆ ಕಳುವಾಗದಂತೆ ರಾತ್ರಿ ಕಾವಲು ಕೂತು, ಪಕ್ಕದಲ್ಲಿ ಬೋಂಡಾ ಕರಿಯುತ್ತ, ಸುಡುಸುಡು ಕಾಫಿ ಹೀರುತ್ತ, ಮಟನ್ ಸಾರಿಗೆ ಕಾಯುವ ನಮ್ಮ ಯಜಮಾನರು ಒಂದು ಹನಿ ಔಷಧಿ ಮುಟ್ಟದೆಯೂ ನಾಲ್ಕು ಸಲ 2ಎ. ಇದನ್ನು ಕಂಪನಿಯ ಏಜೆಂಟರು ಬಾಯಿಪಾಠ ಮಾಡಿದ್ದಾರೆ. ಅವರು ಹೇಳದೆ ಬಿಡುವುದು ಒಂದೇ: ಈ ಗುಂಪುಗಳು ಪುರಾವೆ ಎಷ್ಟು ಗಟ್ಟಿ ಎಂಬುದನ್ನು ಹೇಳುತ್ತವೆಯೇ ಹೊರತು ವಿಷ ಎಷ್ಟು ಗಟ್ಟಿ ಎಂಬುದನ್ನಲ್ಲ. ಎಷ್ಟು ಪ್ರಮಾಣ, ಎಷ್ಟು ವರ್ಷ, ಯಾರ ಮೈಮೇಲೆ ಎಂಬುದೇ ಅಸಲು ಪ್ರಶ್ನೆ. ಆ ಪ್ರಶ್ನೆ ಕೇಳಿದರೆ ಅವರ ಬೈಕು ಸ್ಟಾರ್ಟ್ ಆಗುತ್ತದೆ.

ನಮ್ಮ ಯಜಮಾನರೂ ಒಂದನ್ನು ಹೇಳದೆ ಬಿಡುತ್ತಾರೆ. ಅದೇ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಗುಂಪು 1ಕ್ಕೆ ಸೇರಿಸಿದೆ. ಅಲ್ಲಿ ‘ಬಹುಶಃ’ ಇಲ್ಲ. ಹೊಗೆಸೊಪ್ಪು ಜೊತೆಗಿರಲಿ ಇಲ್ಲದಿರಲಿ, ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ಅದು ಬರೆದಿದೆ. ಮಲೆನಾಡಿನ ಎಲ್ಲ ಪಕ್ಷಗಳ ಎಲ್ಲ ನಾಯಕರೂ ಒಂದೇ ಸಾಲಿನಲ್ಲಿ ನಿಂತು ಆ ವರದಿ ಸುಳ್ಳು ಎನ್ನುವುದನ್ನು ನಾವು ಕಂಡಿದ್ದೇವೆ. ಅಂದರೆ ನಮ್ಮ ನಿಲುವು ಹೀಗೆ: ಹುಲ್ಲಿನ ಔಷಧಿಯ ಬಗ್ಗೆ ಆ ಸಂಸ್ಥೆ ಹೇಳಿದ್ದು ಪರಮಸತ್ಯ, ಅಡಿಕೆಯ ಬಗ್ಗೆ ಹೇಳಿದ್ದು ವಿದೇಶಿ ಪಿತೂರಿ. ಡಬ್ಬ ಖಾಲಿಯಾಗುವ ತನಕ ಮೊದಲನೆಯದೂ ಪಿತೂರಿಯೇ. ಗುಂಪು 1ರ ಬೆಳೆಯ ಬುಡಕ್ಕೆ 2ಎ ಗುಂಪಿನ ಔಷಧಿ ಹೊಡೆಯಬಹುದೇ ಎಂಬ ಧರ್ಮಸಂಕಟ ಜಗತ್ತಿನಲ್ಲಿ ನಮಗೊಬ್ಬರಿಗೇ ದಕ್ಕಿದ ಭಾಗ್ಯ.

ಏಜೆಂಟರ ಕೊನೆಯ ಅಸ್ತ್ರ, “ಕುಡಿದ್ರೂ ಏನೂ ಆಗಲ್ಲ.” ಅದಕ್ಕೊಂದು ಶಾಸ್ತ್ರವೂ ಇದೆ. ಗ್ಲೈಫೊಸೇಟ್ ತಡೆಯುವುದು ಗಿಡಗಳಲ್ಲೂ ಕೆಲವು ಸೂಕ್ಷ್ಮಜೀವಿಗಳಲ್ಲೂ ಇರುವ ಒಂದು ಕಿಣ್ವವನ್ನು. ಪ್ರಾಣಿಗಳಲ್ಲಿ ಆ ಕಿಣ್ವವೇ ಇಲ್ಲ. ಆದರೆ ಡಬ್ಬದಲ್ಲಿ ಇರುವುದು ಗ್ಲೈಫೊಸೇಟ್ ಒಂದೇ ಅಲ್ಲ, ಎಲೆಗೆ ಅಂಟಿಸುವ ರಾಸಾಯನಿಕಗಳೂ ಇವೆ, ಕುಡಿದು ಸತ್ತವರೂ ಇದ್ದಾರೆ. 2015ರಲ್ಲಿ ಫ್ರೆಂಚ್ ಟಿವಿಯ ಮುಂದೆ ಪ್ಯಾಟ್ರಿಕ್ ಮೂರ್ ಎಂಬ ಕೆನಡಾದ ಮಹನೀಯರು, ದೊಡ್ಡ ಲೋಟದಷ್ಟು ಕುಡಿದರೂ ಏನೂ ಆಗದು ಎಂದರು. ಸಂದರ್ಶಕ ಅಲ್ಲೇ ಲೋಟ ಮುಂದಿಟ್ಟ. ಮಹನೀಯರು ತಾನೇನು ಮೂರ್ಖನಲ್ಲ ಎಂದು ಎದ್ದು ನಡೆದರು. ಕೈಗಾರಿಕೆಯ ಪರವಾಗಿ ಇಷ್ಟು ಪ್ರಾಮಾಣಿಕ ಹೇಳಿಕೆ ಮುಂದೆಂದೂ ಬರಲಿಲ್ಲ. ಗ್ಲೈಫೊಸೇಟ್ ತಯಾರಿಸುತ್ತಿದ್ದ ಮೊನ್ಸಾಂಟೊವನ್ನು 2018ರಲ್ಲಿ ಕೊಂಡ ಬಾಯರ್ ಕಂಪನಿ, ಔಷಧಿಯಿಂದ ಏನೂ ಅಪಾಯವಿಲ್ಲ ಎಂದು ಹೇಳುತ್ತಲೇ 2020ರಲ್ಲಿ ಅಮೆರಿಕದ ದಾವೆಗಳ ಇತ್ಯರ್ಥಕ್ಕೆ 1,000 ಕೋಟಿ ಡಾಲರಿಗೂ ಮಿಕ್ಕಿ ತೆಗೆದಿಟ್ಟಿತು. ಏನೂ ಆಗದ್ದಕ್ಕೆ ಇಷ್ಟಾದರೆ, ಏನಾದರೂ ಆಗಿದ್ದರೆ ಎಷ್ಟೋ.

ಬೇರೆ ದೇಶದವರು ಇದನ್ನು ಹೇಗೆ ಬಗೆಹರಿಸಿದರು? ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರಾನ್ 2017ರ ಕೊನೆಗೆ, ಮೂರು ವರ್ಷದೊಳಗೆ ನಿಷೇಧ ಎಂದರು. ಮೂರು ವರ್ಷ ಮುಗಿಯಿತು, ಅವರು ಎರಡನೇ ಸಲವೂ ಗೆದ್ದರು, ಗ್ಲೈಫೊಸೇಟೂ ಗೆದ್ದಿತು. ಯುರೋಪಿಯನ್ ಒಕ್ಕೂಟದ 27 ದೇಶಗಳು 2023ರಲ್ಲಿ ಬೇಕು ಎನ್ನಲೂ ಬೇಡ ಎನ್ನಲೂ ಬೇಕಾದ ಬಹುಮತ ಕೂಡಿಸಲಾಗದೆ ಕೂತಾಗ, ಆಯೋಗವೇ ಇನ್ನು ಹತ್ತು ವರ್ಷ ಇರಲಿ ಎಂದು ಮುಂದುವರಿಸಿತು. ತೀರ್ಮಾನ ಮಾಡಲಾಗದಿರುವುದೇ ತೀರ್ಮಾನ ಎಂಬ ಪದ್ಧತಿಯನ್ನು ಅವರು ನಮ್ಮ ಯಾವ ನಿಗಮ ಮಂಡಳಿಯಿಂದ ಕಲಿತರೋ ತಿಳಿಯದು.

ಧೈರ್ಯ ತೋರಿದ್ದು ಪಕ್ಕದ ಶ್ರೀಲಂಕಾ. ಒಣಸೀಮೆಯ ರೈತರ ಮೂತ್ರಪಿಂಡಗಳು ಕಾರಣ ಬಗೆಹರಿಯದೆ ಕೆಡುತ್ತಿದ್ದವು. ಗ್ಲೈಫೊಸೇಟೇ ಕಾರಣವೆಂಬ ಸಂಶಯದ ಮೇಲೆ 2015ರಲ್ಲಿ ನಿಷೇಧ ಬಂತು. ಚಹಾ ತೋಟದವರು ಹುಲ್ಲಿನ ನಡುವೆ ನಿಂತು ಕೂಗಿದರು, 2018ರಲ್ಲಿ ಚಹಾ ಮತ್ತು ರಬ್ಬರಿಗೆ ಸಡಿಲಿಸಿದರು. 2021ರಲ್ಲಿ ಅಧ್ಯಕ್ಷ ಗೋಟಬಯ ರಾಜಪಕ್ಸ ರಾಸಾಯನಿಕ ಗೊಬ್ಬರ, ಔಷಧಿ ಎಲ್ಲದರ ಆಮದನ್ನೂ ಒಂದೇ ಏಟಿಗೆ ನಿಲ್ಲಿಸಿ ಇಡೀ ದೇಶವನ್ನು ಸಾವಯವ ಮಾಡಿದರು. ಭತ್ತ ಕುಸಿಯಿತು, ಚಹಾ ಕುಸಿಯಿತು, ಅದೇ ವರ್ಷದ ಕೊನೆಗೆ ಆದೇಶ ಹಿಂದಕ್ಕೆ ಬಂತು. 2022ರ ಜುಲೈಯಲ್ಲಿ, ಬೇರೆ ಹತ್ತಾರು ಕಾರಣಗಳೂ ಸೇರಿ, ಅಧ್ಯಕ್ಷರು ದೇಶ ಬಿಟ್ಟು ಹೋದರು. ಮರುತಿಂಗಳು ಗ್ಲೈಫೊಸೇಟ್ ದೇಶಕ್ಕೆ ಮರಳಿತು. ಇದನ್ನು ನೋಡಿದ ಮೇಲೂ ನಮ್ಮ ಸಾವಯವ ಭಾಷಣಕಾರರು ಒಂದೇ ಸಹಿಯಲ್ಲಿ ಎಲ್ಲವೂ ಆಗಬೇಕು ಎನ್ನುತ್ತಾರೆ. ಅವರ ತೋಟದ ಕಳೆ ಕೀಳುವುದು ವಿದ್ಯಾರ್ಥಿಗಳ ಶಿಬಿರ. ಅದಕ್ಕೆ ಪ್ರವೇಶ ಶುಲ್ಕವೂ ಉಂಟು.

ನಮ್ಮಲ್ಲೂ ರಾಜ್ಯಗಳು ಕೈಕಟ್ಟಿ ಕೂತಿಲ್ಲ. 2018ರಲ್ಲಿ ಪಂಜಾಬ್ ಮಾರಾಟ ನಿಲ್ಲಿಸಿತು. 2019ರ ಆರಂಭದಲ್ಲಿ ಕೇರಳದ ತಿರುವಲ್ಲಾ ಬಳಿ ಭತ್ತದ ಗದ್ದೆಗೆ ಔಷಧಿ ಹೊಡೆಯುತ್ತಿದ್ದ ಇಬ್ಬರು ಕೂಲಿಗಳು ಸತ್ತ ಮೇಲೆ ಅಲ್ಲಿನ ಸರ್ಕಾರ ಗ್ಲೈಫೊಸೇಟ್ ನಿಷೇಧಿಸಿತು. ಆದರೆ ಹುಲ್ಲಿನ ಔಷಧಿ ಕೇಳಿಕೊಂಡು ಬಂದವರನ್ನು ಬರಿಗೈಲಿ ಕಳಿಸುವ ಅಂಗಡಿ ಎಲ್ಲೂ ಇಲ್ಲ. ಗ್ಲೈಫೊಸೇಟ್‌ಗೆ ತೊಂದರೆಯಾದರೆ ಪಕ್ಕದ ಶೆಲ್ಫಿನಿಂದ ಪ್ಯಾರಾಕ್ವಾಟ್ ಇಳಿಯುತ್ತದೆ. ಕೇರಳ ಅದನ್ನು 2011ರಲ್ಲೇ ನಿಲ್ಲಿಸಿದೆ, ಯುರೋಪಿನಲ್ಲಿ 2007ರಿಂದ ಇಲ್ಲ, ಹೊಟ್ಟೆಗೆ ಹೋದರೆ ಪ್ರತಿವಿಷವೆಂಬುದೇ ಇಲ್ಲ. ಗ್ಲೈಫೊಸೇಟ್ ಅಪಾಯಕಾರಿ ಎಂದು ಕಂಡ ದೆಹಲಿಯ ಕಣ್ಣಿಗೆ ಶೆಲ್ಫಿನಲ್ಲಿ ಒಂದು ಗೇಣು ಆಚೆ ಇದ್ದ ಡಬ್ಬ ಕಾಣಲಿಲ್ಲ. ಅದನ್ನು ಹೊಡೆಯಲು ಜಿರಳೆಯವರೂ ಬೇಡ.

ಇಷ್ಟು ಹೊತ್ತು ಎಲ್ಲರ ಮಾತು ಕೇಳಿದಿರಿ. ಸಚಿವಾಲಯ, ಕಂಪನಿ, ಸಂಘ, ವಿಜ್ಞಾನಿ, ಯಜಮಾನ. ಇವರಲ್ಲಿ ಒಬ್ಬರೂ ಪಂಪು ಹೊತ್ತವರಲ್ಲ, ಒಬ್ಬರೂ ಕುಕ್ಕರುಗಾಲಲ್ಲಿ ಕೂತು ಕಳೆ ಕಿತ್ತವರಲ್ಲ. ಗ್ಲೈಫೊಸೇಟಿನ ಚರ್ಚೆ ಅಸಲಿಗೆ ಇಬ್ಬರ ನಡುವಿನದು. ಕಳೆ ಕೀಳುವ ಹೆಂಗಸು ಮತ್ತು ಔಷಧಿ ಹೊಡೆಯುವ ಗಂಡಸು. ಒಬ್ಬರ ಕೆಲಸವನ್ನು ಇನ್ನೊಬ್ಬರ ಬೆನ್ನಿಗೆ ಹಾಕಿದ್ದೇ ಈ ಡಬ್ಬದ ಇತಿಹಾಸ. ಆಕೆಗೆ ಕೊಡುತ್ತಿದ್ದದ್ದು ಗಂಡಾಳಿಗಿಂತ ಕಡಿಮೆ ಕೂಲಿ, ಅದೂ ದುಬಾರಿ ಎನಿಸಿದಾಗ ಡಬ್ಬ ಬಂತು. ನಿಷೇಧದ ಬಗ್ಗೆ ಆಕೆಯನ್ನು ಯಾರಾದರೂ ಕೇಳಿದರೆ ಬರುವ ಉತ್ತರ ಯಾವ ಕಡೆಯ ಕರಪತ್ರಕ್ಕೂ ಹೊಂದುವುದಿಲ್ಲ. “ಔಷ್ದಿ ಬಂದ್ಮ್ಯಾಕೆ ಸೊಂಟ ಉಳೀತು ಕಣಣ್ಣ, ಕೂಲಿ ಹೋಯ್ತು. ಈಗ ಔಷ್ದಿ ಹೋದ್ರೆ ಕೂಲಿ ಬತ್ತದೆ, ಸೊಂಟ ಹೋಯ್ತದೆ. ಎರಡೂ ಉಳಿಯೋದು ಏನಾದ್ರೂ ಅದಾ?” ಪಂಪಿನವನನ್ನು ಕೇಳಿದರೆ, “ನಾ ಹೊಡೀದಿದ್ರೆ ಇನ್ನೊಬ್ಬ ಹೊಡೀತಾನೆ. ಸಂಜೆ ಸೋಪು ಹಾಕ್ಕೊಂಡು ಮೀತೀನಿ, ಸಾಕಲ್ವಾ?”

ಆಕೆ ಕೇಳಿದ್ದಕ್ಕೆ ಉತ್ತರ ಇಲ್ಲದೇನಿಲ್ಲ. ಸಾಲಿನ ನಡುವೆ ಹಸಿರೆಲೆ ಬೆಳೆ ಹಾಕಿ ಹುಲ್ಲಿಗೆ ಬೆಳಕು ತಪ್ಪಿಸಬಹುದು, ಸೋಗೆ ತರಗೆಲೆ ಹೊದಿಸಬಹುದು, ಬ್ರಷ್ ಕಟರ್ ಓಡಿಸಬಹುದು, ನಿಂತುಕೊಂಡೇ ತಳ್ಳುವ ಎಡೆಕುಂಟೆ ಕೊಡಬಹುದು, ಹೊಡೆಯಲೇಬೇಕಾದ ಕಡೆ ಹೊಡೆಯುವವನಿಗೆ ಬೂಟು, ಕೈಗವಸು, ತರಬೇತಿ ಕೊಡಬಹುದು. ಪ್ರತಿಯೊಂದಕ್ಕೂ ದುಡ್ಡು ಬೇಕು, ಹಳ್ಳಿಗೆ ಹೋಗುವ ಅಧಿಕಾರಿ ಬೇಕು, ನಾಲ್ಕಾರು ವರ್ಷದ ತಾಳ್ಮೆ ಬೇಕು. ಆದೇಶಕ್ಕೆ ಬೇಕಾದದ್ದು ಒಂದು ಹಾಳೆ. ಯಾವುದು ಅಗ್ಗ ಎಂಬ ಲೆಕ್ಕದಲ್ಲಿ ನಮ್ಮ ಸರ್ಕಾರ ಎರಡೆಕರೆ ರೈತನಷ್ಟೇ ಚುರುಕು. ಅವನು ಆಳಿನ ಬದಲು ಡಬ್ಬ ತಂದ, ಅದು ವ್ಯವಸ್ಥೆಯ ಬದಲು ಗೆಜೆಟ್ ತಂದಿತು. ಇಬ್ಬರಿಗೂ ಬೇಕಾಗಿದ್ದದ್ದು ಕೆಲಸ ಮುಗಿದಂತೆ ಕಾಣುವುದು.

ಆದ್ದರಿಂದ ನನ್ನದೊಂದು ಸಣ್ಣ ಸಲಹೆ. ಗ್ಲೈಫೊಸೇಟ್ ಇರಬೇಕೋ ಹೋಗಬೇಕೋ ಎಂಬ ಮುಂದಿನ ಸಭೆಯನ್ನು ದೆಹಲಿಯ ಕೃಷಿ ಭವನದಲ್ಲಿ ಮಾಡುವುದು ಬೇಡ. ಜುಲೈ ತಿಂಗಳಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ, ಮಳೆ ಬಿಟ್ಟು ಬಿಸಿಲು ಬಿದ್ದ ಹೊತ್ತಿನಲ್ಲಿ, ಯಾವುದಾದರೂ ತೋಟದ ನಡುವೆ ಇಟ್ಟುಕೊಳ್ಳಿ. ಅಧಿಕಾರಿ, ಕಂಪನಿಯ ಪ್ರತಿನಿಧಿ, ಸಾವಯವ ಗುರು, ರೈತ ನಾಯಕ, ಅಂಕಣಕಾರ, ಎಲ್ಲರನ್ನೂ ಕರೆಯಿರಿ. ಬಂದವರ ಎಡಗೈಗೆ ಒಂದು ಕುಡುಗೋಲು, ಬಲಗಡೆಗೆ ತುಂಬಿದ ಒಂದು ಪಂಪು ಇಡಿ. ಕೈಗವಸು ಬೇಡ, ಇರುವುದೂ ಇಲ್ಲ. ಯಾವುದನ್ನು ಎತ್ತಿಕೊಳ್ಳುತ್ತಾರೋ ಅದನ್ನು ಸಂಜೆ ಐದರ ತನಕ ಇಳಿಸುವಂತಿಲ್ಲ. ಐದು ಗಂಟೆಗೆ ಮತದಾನ. ಎರಡೂ ಬೇಡ ಎಂದು ಚಾವಡಿಯಲ್ಲಿ ಕೂತವರಿಗೆ ಮತ ಇಲ್ಲ, ಟಿಎ ಡಿಎ ಮಾತ್ರ ಉಂಟು.